ದೊರೆಯ ಚೀಟಿ

ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಅಜ್ಜಿಯ ಸೊಂಟ ಹೇಗಿದೆ? ವಾಕರ್ ಹಿಡಿದು ಬಚ್ಚಲಮನೆಯವರೆಗೂ ಹೋಗಿ ಬಂದರು ಎಂದು ಬರೆದಿದ್ದೀಯ. ಅಪ್ಪ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಹಟ ಮಾಡಿ ಒಬ್ಬರೇ ಏಳದ ಹಾಗೆ ನೋಡಿಕೋ. ಏಳಲೇಬೇಕೆಂದು ಕೂತರೆ ನನ್ನ ಹೆಸರು ಹೇಳು, ಮೊಮ್ಮಗಳು ಬಂದು ಮಂಚದ ಸಮೇತ ತಾಮ್ರದ ತಂತಿ ಸುತ್ತಿ ಹೋಗುತ್ತಾಳಂತೆ ಅನ್ನು. ನಿನ್ನ ಮಂಡಿನೋವು ಹೇಗಿದೆ? ಅಜ್ಜಿ ಕೆಮ್ಮಿದಾಗಲೆಲ್ಲ ನೀನು ಎದ್ದು ಕೂರುತ್ತಿದ್ದೀಯ ಎಂದು ನನಗೆ ಗೊತ್ತು, ಬರೆಯದಿದ್ದರೂ ಗೊತ್ತು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ಅಡುಗೆ ಕಲಿಯುತ್ತಿದ್ದಾರೆ. ಒಂದು ದಿನ ಉಪ್ಪೇ ಇರುವುದಿಲ್ಲ, ಮರುದಿನ ಎರಡು ದಿನದ್ದೂ ಸೇರಿ ಬೀಳುತ್ತದೆ. ನಾನು ತುಟಿಪಿಟಕ್ಕೆನ್ನದೆ ತಿನ್ನುತ್ತೇನೆ, ಯಾಕೆಂದರೆ ಬಾಯಿ ಬಿಟ್ಟರೆ ಸೌಟು ನನ್ನ ಕೈಗೆ ಬರುತ್ತದೆ. ಬಚ್ಚಲಿನ ನಲ್ಲಿಗೆ ಹೊಸ ವಾಷರ್ ಹಾಕಿಸಿದೆ, ಈಗ ಸೋರುತ್ತಿಲ್ಲ.

ನಿನ್ನ ಕಾಗದ ನಿನ್ನೆ ಬಂತು. ಅಜ್ಜಿಯ ವಿಷಯ ಮುಗಿಯುವವರೆಗೂ ಚೆನ್ನಾಗಿತ್ತು. ಆಮೇಲೆ ಬರೆದಿದ್ದೀಯಲ್ಲ: ಅಂಗಡಿಯ ಸಣ್ಣ ಯಜಮಾನರು ಫೋನ್ ಮಾಡಿದ್ದರು, ಐಸ್ ಫ್ಯಾಕ್ಟರಿಯ ಮೋಟರು ಸುಟ್ಟು ವಾಪಸ್ ಬಂದಿದೆಯಂತೆ, ಅದಕ್ಕೆ ನನ್ನ ಚೀಟಿ ಇದೆಯಂತೆ, ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು, ಕಣ್ಣು ಹೋಯಿತೋ ಕೈ ಹೋಯಿತೋ ತಿಳಿಯದು, ಇನ್ನು ಸಾಕು, ಡ್ರಾಯರಿನಲ್ಲಿರುವ ನನ್ನ ಸಾಮಾನನ್ನು ಮಾವನಿಗೆ ಕೊಟ್ಟುಬಿಡು, ನಾನು ಅಜ್ಜಿಯ ಹತ್ತಿರವೇ ಉಳಿದುಬಿಡುತ್ತೇನೆ, ಎಂದು. ಫೋನ್ ಮಾಡೋಣ ಎಂದು ಎರಡು ಸಲ ಎತ್ತಿಕೊಂಡೆ, ಇಟ್ಟೆ. ಫೋನಿನಲ್ಲಿ ನೀನು ಬೈಯುತ್ತೀಯ, ಬೈದರೆ ನಾನು ಎದುರು ಮಾತಾಡುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿದುಹೋಗುತ್ತದೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಆ ಮೋಟರು ಸುತ್ತಿದ್ದು ನೀನಲ್ಲ, ನಾನು. ನಿನ್ನ ಚೀಟಿ ಕಟ್ಟಿದ್ದೂ ನಾನೇ. ನಿನ್ನ ಕಣ್ಣಿಗೂ ಏನೂ ಆಗಿಲ್ಲ, ಕೈಗೂ ಏನೂ ಆಗಿಲ್ಲ. ಈಗ ಕಾಗದ ಕೆಳಗಿಟ್ಟು ನನ್ನನ್ನು ಬೇಕಾದಷ್ಟು ಬೈದುಕೋ. ಮುಗಿದ ಮೇಲೆ ಮುಂದೆ ಓದು.

ಮುಂದಿನ ನಾಲ್ಕು ಮಾತು ಅಜ್ಜಿಗೆ ಜೋರಾಗಿ ಓದಿ ಹೇಳು. ಸಣ್ಣ ಯಜಮಾನರು ಫೋನಿನಲ್ಲಿ "ದೊರೆ ಇದ್ದಾರಾ?" ಅಂದರೆ ಅಜ್ಜಿ "ಇಲ್ಲಿ ದೊರೇನೂ ಇಲ್ಲ, ಮಂತ್ರೀನೂ ಇಲ್ಲ, ಇಡಪ್ಪಾ ಫೋನು" ಎಂದು ಎರಡು ಸಲ ಇಟ್ಟರಂತಲ್ಲ! ನನ್ನ ಮಗಳಿಗೆ ಅದ್ಯಾಕೆ ಗಂಡಸಿನ ಹೆಸರು ಎಂದು ಮುಖ ಊದಿಸಿಕೊಂಡಿದ್ದಾರೆ ಎಂದೂ ಬರೆದಿದ್ದೀಯ. ಅಜ್ಜೀ, ಕೇಳಿ. ನಮ್ಮ ಅಂಗಡಿಯಲ್ಲಿ ಸುಟ್ಟ ಮೋಟರಿನ ಹೊಟ್ಟೆ ಬಗೆದು, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂರಿಸುತ್ತೇವೆ. ಮುಂದುಗಡೆ ಕೌಂಟರಿನಲ್ಲಿ ಯಜಮಾನರು, ಬಾಗಿಲ ಹಿಂದಿನ ಕೋಣೆಯಲ್ಲಿ ಸುತ್ತುವ ಹೆಂಗಸರು. ಅಮ್ಮ ಕೆಲಸಕ್ಕೆ ಸೇರಿದ ವರ್ಷ ಹಿಟ್ಟಿನ ಗಿರಣಿಯವನೊಬ್ಬ ತನ್ನ ಮೋಟರನ್ನು ಸುತ್ತಿದ್ದು ಹೆಂಗಸು ಎಂದು ಹೇಗೋ ತಿಳಿದು, "ಇದು ನಡೆಯಲ್ಲ, ಗಂಡಸರ ಕೈಲಿ ಇನ್ನೊಂದು ಸಲ ಸುತ್ತಿಸಿ ಕೊಡಿ" ಎಂದು ಬಿಟ್ಟು ಹೋದನಂತೆ. ಹಳೆಯ ಯಜಮಾನರು, ಅಂದರೆ ಈಗಿನವರ ತಂದೆ, ಅದರ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಎರಡು ದಿನ ರ‍್ಯಾಕಿನ ಮೇಲಿಟ್ಟು, ಧೂಳು ಒರೆಸಿ, ರಟ್ಟಿನ ಚೀಟಿಯ ಮೇಲೆ "ದೊರೆ" ಎಂದು ಬರೆದು ಕಟ್ಟಿ, ಅದನ್ನೇ ತಿರುಗಿ ಕೊಟ್ಟರು. ಗಿರಣಿಯವನು ಓಡಿಸಿ ನೋಡಿ, "ನೋಡಿ, ಗಂಡಸರ ಕೈ ಅಂದ್ರೆ ಸದ್ದಲ್ಲೇ ಗೊತ್ತಾಗುತ್ತೆ" ಅಂದ. ಆ ಮೋಟರು ಹನ್ನೊಂದು ವರ್ಷ ಓಡಿತು. ಆವತ್ತಿನಿಂದ ಅಮ್ಮ ದೊರೆ. ಹೀಗೇ ಒಳಗಿನ ಉಳಿದ ಹೆಂಗಸರಿಗೂ ಗಂಡಸರ ಹೆಸರು ಬಂತು. ನರೆಗೂದಲಿನ ದೊಡ್ಡ ಆಳು ಮಾವ. ಐದಡಿ ಇಲ್ಲದಿದ್ದರೂ ದನಿಯಲ್ಲೇ ಗೋಡೆ ಅಲುಗಿಸುವವರು ಸುಬೇದಾರ. ಅವರ ಚೀಟಿ ನೋಡಿ ಮೆಚ್ಚಿ ಮರದ ಮಿಲ್ಲಿನವರೊಬ್ಬರು ತಂಗಿಯ ಮಗಳಿಗೆ ಸಂಬಂಧ ಕೇಳಿಕೊಂಡು ಬಂದಿದ್ದರು. ಸುಬೇದಾರರಿಗೆ ಆಗಲೇ ಇಬ್ಬರು ಮಕ್ಕಳಿದ್ದಾರೆ ಎಂದು ಹೇಳಿ ಕಳಿಸಬೇಕಾಯಿತು. ಐಸ್ ಫ್ಯಾಕ್ಟರಿಯ ಸಾಹುಕಾರರು ಒಂದು ವರ್ಷ ದೊರೆಗೆಂದು ಒಳ್ಳೆಯ ಬಿಳಿ ಅಂಗಿ ಕಳಿಸಿದರು. ಅಪ್ಪ ಅದನ್ನು ಹಾಕಿಕೊಂಡು ಮೂರು ಮದುವೆ ಮುಗಿಸಿದರು.

ಹೆಸರು ಸುಮ್ಮನೆ ಸಿಗುವುದಿಲ್ಲ ಅಜ್ಜೀ. ನಮಗೆ ನಾವೇ ಇಟ್ಟುಕೊಳ್ಳುವ ಹಾಗಿಲ್ಲ, ಬೆಂಚಿನವರು, ಅಂದರೆ ಜೊತೆಗೆ ಕೂತು ಸುತ್ತುವವರು, ಇಡಬೇಕು. ಅದಕ್ಕೆ ಮೊದಲು ನಾವು ಸುತ್ತಿದ ಒಂದು ಮೋಟರೂ ಪೂರ್ತಿ ಒಂದು ವರ್ಷ ವಾಪಸ್ ಬರಬಾರದು. ಅಲ್ಲಿಯವರೆಗೆ ನಮ್ಮ ಚೀಟಿಯಲ್ಲಿ ಬರೀ ತಾರೀಖು. ನನ್ನದೊಂದು ಹನ್ನೊಂದನೇ ತಿಂಗಳಿಗೆ ವಾಪಸ್ ಬಂತು. ಇಲಿ ಕಡಿದಿತ್ತು, ನನ್ನ ತಪ್ಪು ಎಳ್ಳಷ್ಟೂ ಇರಲಿಲ್ಲ. ಸುಬೇದಾರರಿಗೆ ತೋರಿಸಿದರೆ, "ಬಂತಾ? ಬಂತು. ಇಲಿಗೆ ಹೆಸರಿಡ್ಲಾ? ಮತ್ತೆ ಮೊದಲಿಂದ ಶುರು ಮಾಡು" ಅಂದರು. ಆವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇನ್ನು ನಿನಗೆ. ಐಸ್ ಫ್ಯಾಕ್ಟರಿಯಿಂದ ಬಂದದ್ದು ಎರಡು ಮೋಟರು, ಅದು ನಿನಗೆ ಗೊತ್ತಿಲ್ಲ. ನೀನು ಊರಿಗೆ ಹೊರಡುವ ವಾರ ಸುತ್ತಿಕೊಟ್ಟೆಯಲ್ಲ, ಅದು ಒಂದು. ಅದರ ಜೋಡಿ ಬಂದದ್ದು ಶುಕ್ರವಾರ ಸಂಜೆ, ಅಜ್ಜಿ ಬಿದ್ದ ಸುದ್ದಿ ಕೇಳಿ ನೀನು ಹೊರಟುಹೋದ ಮೇಲೆ. ಮಾವ, ಸುಬೇದಾರ ಇಬ್ಬರೂ ನಿನ್ನನ್ನು ಬಸ್ಸು ಹತ್ತಿಸಲು ಬಂದಿದ್ದರು. ಸಣ್ಣ ಯಜಮಾನರು ತಂತಿ ತರಲು ಹೋದವರು ಸೋಮವಾರದವರೆಗೆ ಬರುವಂತಿರಲಿಲ್ಲ. ಬೀಗ ಹಾಕಿಕೊಂಡು ಬಾ ಎಂದು ನೀನೇ ನನ್ನನ್ನು ಬಿಟ್ಟು ಹೋಗಿದ್ದೆ. ಗಾಡಿಯವನು ಮೋಟರು ಇಳಿಸಿ, "ದೊರೆಯವರ ಕೈಗೇ ಕೊಡಬೇಕಂತೆ, ಬೇರೆ ಯಾರೂ ಮುಟ್ಟಬಾರದಂತೆ" ಅಂದ. ದೊರೆ ಊರಲ್ಲಿಲ್ಲ ಎಂದು ಅಲ್ಲೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆ "ಬೇರೆ ಯಾರೂ" ನನಗೆ ಚುಚ್ಚಿತು. ಎರಡೂವರೆ ವರ್ಷದಿಂದ ಬೆಂಚಿನಲ್ಲಿ ಕೂತು ಬೆರಳೆಲ್ಲ ಗೀರು ಮಾಡಿಕೊಂಡಿದ್ದೇನೆ, ನಾನು ಬೇರೆ ಯಾರೋ! ನಿನ್ನ ಚೀಟಿ ಕಟ್ಟಿ ಕಳಿಸುತ್ತೇನೆ, ವರ್ಷ ತುಂಬಿದ ದಿನ ಎಲ್ಲರೆದುರು ನಿಂತು ಇದು ನಂದು ಅನ್ನುತ್ತೇನೆ, ಆಗ ಹೆಸರು ಇಡದೆ ಎಲ್ಲಿ ಹೋಗುತ್ತಾರೆ ನೋಡೋಣ ಎಂದುಕೊಂಡೆ. ಹೊಟ್ಟೆಕಿಚ್ಚು ಅಮ್ಮಾ, ಬೇರೇನಲ್ಲ. ನಿನ್ನ ಮೇಲೇ ಹೊಟ್ಟೆಕಿಚ್ಚುಪಟ್ಟೆ. ಬರೆಯಲು ನಾಚಿಕೆಯಾಗುತ್ತಿದೆ.

ಶನಿವಾರ, ಭಾನುವಾರ ಎರಡೂ ದಿನ ಅಂಗಡಿಗೆ ರಜೆ. ಅಪ್ಪನಿಗೆ ಗೆಳತಿಯ ಮನೆಗೆ ಹೋಗುತ್ತೇನೆ ಎಂದೆ. ಹಳೆಯ ತಂತಿ ಕರಗಿ ಮುದ್ದೆಯಾಗಿತ್ತು, ಎಷ್ಟು ಸುತ್ತಿತ್ತು ಎಂದು ಎಣಿಸಲು ಬರಲಿಲ್ಲ. ನಿನ್ನ ನೋಟ್‌ಬುಕ್ ತೆಗೆದೆ. ಇದರ ಜೋಡಿ ಮೋಟರಿಗೆ ಒಂದೊಂದು ಕಾಯಿಲ್‌ಗೂ, ಅಂದರೆ ತಂತಿಯ ಸುರುಳಿಗೂ, ಒಂಬತ್ತು ಸುತ್ತು ಎಂದು ನೀನು ಬರೆದಿದ್ದೆ. ಒಂಬತ್ತು ಸುತ್ತಿದೆ, ಎಲ್ಲಾ ಕಾಯಿಲ್‌ನಲ್ಲೂ, ಎರಡೆರಡು ಸಲ ಎಣಿಸಿ, ಒಂಬತ್ತೇ ಒಂಬತ್ತು. ವಾರ್ನಿಷ್ ಹೊಯ್ದು, ಓವನ್‌ನಲ್ಲಿ ಒಣಗಿಸಿ, ಕರೆಂಟ್ ಕೊಟ್ಟು ನೋಡಿದರೆ ಮೀಟರಿನ ಮುಳ್ಳು ನಿಲ್ಲಬೇಕಾದ ಕಡೆಗಿಂತ ಮೇಲೆ ಹೋಗಿ ನಿಂತಿತು. ಹಳೆಯ ಮೀಟರು, ಅದರ ಹಣೆಬರಹವೇ ಹಾಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆ ಮೋಟರಾಗಿದ್ದರೆ ಮರುದಿನ ಮಾವನನ್ನು ಕೇಳುತ್ತಿದ್ದೆ. ಇದನ್ನು ಕೇಳಿದರೆ ಗುಟ್ಟು ಹೊರಬೀಳುತ್ತಿತ್ತು, ಕೇಳಲಿಲ್ಲ. ಸೋಮವಾರ ಸಣ್ಣ ಯಜಮಾನರು ಬಂದು, ರ‍್ಯಾಕಿನ ಮೇಲೆ ನಿನ್ನ ಚೀಟಿ ಕಟ್ಟಿದ ಮೋಟರು ನೋಡಿ, "ಮುಗಿಸಿಯೇ ಹೋಗಿದ್ದಾರೆ ನೋಡು, ಅದಕ್ಕೇ ದೊರೆ ಅನ್ನೋದು" ಎಂದು ಹೊಗಳಿದರು. ನಾನು ಪೊರಕೆ ಹುಡುಕುವ ಹಾಗೆ ಮಾಡಿ ಆಚೆ ಹೋದೆ.

ಹತ್ತೊಂಬತ್ತು ದಿನ ಓಡಿತು. ಇಪ್ಪತ್ತನೇ ದಿನ ಅದೇ ಗಾಡಿಯಲ್ಲಿ ವಾಪಸ್ ಬಂತು. ಬಾಗಿಲು ದಾಟುವ ಮೊದಲೇ ಸುಟ್ಟ ವಾರ್ನಿಷ್ ವಾಸನೆ ಒಳಗೆ ಬಂದಿತ್ತು. ಫ್ಯಾಕ್ಟರಿಯಲ್ಲಿ ಎರಡು ಕೋಣೆಯ ಐಸ್ ನೀರಾಯಿತಂತೆ. ನಿನ್ನ ಚೀಟಿ ಅರ್ಧ ಕರಿಯಾಗಿತ್ತು, "ದೊರೆ" ಮಾತ್ರ ಎದ್ದು ಕಾಣುತ್ತಿತ್ತು. ಸಣ್ಣ ಯಜಮಾನರು ತಲೆ ಆಡಿಸಿ, "ವಯಸ್ಸಾಯ್ತಲ್ಲ ಪಾಪ. ವಾಪಸ್ ಬಂದ ಮೇಲೆ ಪೇಪರ್ ಕತ್ತರಿಸೋ ಕೆಲಸಕ್ಕೆ ಕೂರಿಸೋಣ" ಅಂದರು. ತಂತಿಯ ಕೆಳಗೆ ಹಾಸುವ ಪೇಪರ್, ಕೆಲಸಕ್ಕೆ ಹೊಸಬರು ಕತ್ತರಿಸುವುದು, ಅದಕ್ಕೆ ನಿನ್ನನ್ನು! ಆಗಲೇ ಬಾಯಿ ಬಿಡಬೇಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹತ್ತು ದಿನ ತಳ್ಳಿದೆ. ಅವರು ನಿನಗೇ ಫೋನ್ ಮಾಡಿದ್ದಾರೆ ಎನ್ನುವುದು ನಿನ್ನ ಕಾಗದ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನೋ ಏನೋ, ಅದೂ ನನಗೆ ಖಾತ್ರಿಯಿಲ್ಲ.

ನಿನ್ನೆ ಸಂಜೆ ಕಾಗದ ಹಿಡಿದುಕೊಂಡು ಮಾವನ ಮನೆಗೆ ಹೋದೆ. ಸುಬೇದಾರರೂ ಅಲ್ಲೇ ಇದ್ದರು. ಇಬ್ಬರೆದುರು ಎಲ್ಲ ಕಕ್ಕಿಬಿಟ್ಟೆ. ಮಾವ ಕನ್ನಡಕ ಒರೆಸಿಕೊಂಡು, "ಆ ಚೀಟಿಯ ದಾರದ ಗಂಟು ನಿಮ್ಮಮ್ಮಂದಲ್ಲ ಅಂತ ಮೋಟರು ವಾಪಸ್ ಬಂದ ದಿನವೇ ನೋಡಿದೆ. ನೀನಾಗಿ ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎಷ್ಟು ಸುತ್ತು ಹಾಕಿದೆ ಎಂದು ಕೇಳಿದರು. ಒಂಬತ್ತು, ಅಮ್ಮನ ಪುಸ್ತಕದಲ್ಲಿ ಹಾಗೇ ಇದೆ ಎಂದೆ. ಮಾವ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ನಿಮ್ಮಮ್ಮ ಮೊದಲನೇ ಸುತ್ತು ಎಣಿಸೋದೇ ಇಲ್ಲ ಕಣೇ. ಅದು ತಳ ಅಂತಾಳೆ. ತಳ ಹಾಕಿ, ಆಮೇಲೆ ಒಂದು, ಎರಡು. ಅವಳ ಒಂಬತ್ತು ಅಂದ್ರೆ ಹತ್ತು!" ದಪ್ಪ ತಂತಿಯ ಮೋಟರು, ಒಂದೊಂದು ಕಾಯಿಲ್‌ನಲ್ಲೂ ಒಂದೊಂದು ಸುತ್ತು ಕಡಿಮೆ, ಕಾದು ಕಾದು ಸುಟ್ಟಿತು. ಎರಡೂವರೆ ವರ್ಷ ನಿನ್ನ ಪಕ್ಕದಲ್ಲೇ ಕೂತು ನೀನು ಹೇಗೆ ಎಣಿಸುತ್ತೀಯ ಎಂದು ನಾನು ಕೇಳಿಸಿಕೊಂಡಿಲ್ಲ. ನನ್ನ ಕಿವಿ ಯಾವ ಊರಿಗೆ ಹೋಗಿತ್ತೋ.

ಇಷ್ಟೇ ಆಗಿದ್ದರೆ ಕಾಗದ ಇಲ್ಲಿಗೇ ನಿಲ್ಲಿಸಿ ನಾಳೆ ಸಣ್ಣ ಯಜಮಾನರ ಎದುರು ನಿಂತುಬಿಡುತ್ತಿದ್ದೆ. ಆದರೆ ನಾಳೆ ಐಸಿನ ಸಾಹುಕಾರರೇ ಬರುತ್ತಿದ್ದಾರೆ. ಮೋಟರನ್ನು ತಮ್ಮ ಎದುರಿಗೇ ಬಿಚ್ಚಬೇಕು, ದೊರೆಯವರನ್ನು ಕಣ್ಣಾರೆ ನೋಡಿ ಮಾತಾಡಬೇಕು ಎಂದಿದ್ದಾರೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಆ ಬಾಗಿಲು ದಾಟಿ ಒಳಗೆ ಬಂದದ್ದಿಲ್ಲ. ಸಣ್ಣ ಯಜಮಾನರು ಏನು ಉಪಾಯ ಮಾಡಿದ್ದಾರೆ ಕೇಳು. ಪಕ್ಕದ ಲೇತ್ ಅಂಗಡಿಯವರನ್ನು, ಅದೇ, ದೊಡ್ಡ ಮೀಸೆಯವರನ್ನು, ನಿನ್ನ ಸ್ಟೂಲಿನ ಮೇಲೆ ದೊರೆ ಎಂದು ಕೂರಿಸುತ್ತಾರಂತೆ. ನಾವು ಹೆಂಗಸರೆಲ್ಲ ಹಿಂದಿನ ಅಂಗಳದಲ್ಲಿರಬೇಕಂತೆ. ಲೇತ್‌ನವರು ಶುಕ್ರವಾರವೇ ಬಂದು ಮಾತು ಬಾಯಿಪಾಠ ಮಾಡಿಕೊಂಡು ಹೋದರು: ಕಣ್ಣು ಮೊದಲಿನ ಹಾಗಿಲ್ಲ ಸಾಹುಕಾರ್ರೇ, ತಪ್ಪಾಯ್ತು, ಇನ್ನು ಮೇಲೆ ನಾನು ಸುತ್ತಲ್ಲ. ಒಳ್ಳೆಯ ಮನುಷ್ಯ, ಪಾಪ, ಸಹಾಯ ಮಾಡುತ್ತಿದ್ದೇನೆ ಎಂದೇ ಅವರ ಲೆಕ್ಕ. ನನಗೆ ಮಾತ್ರ ಮೈ ಉರಿಯುತ್ತಿದೆ. ಮಾಡದ ತಪ್ಪನ್ನು ನೀನು ಒಪ್ಪಿಕೊಳ್ಳಬೇಕು, ಅದೂ ಇನ್ನೊಬ್ಬರ ಬಾಯಲ್ಲಿ, ಮೀಸೆ ಸಮೇತ.

ನಿಜ ಹೇಳಿದರೆ ದೊರೆ ಹೆಂಗಸು ಎನ್ನುವುದೂ ಹೇಳಿದಂತೆ. ಸುಬೇದಾರ ನಿನ್ನೆ ಅಡ್ಡಡ್ಡ ತಲೆಯಾಡಿಸಿದರು. "ದೊರೆ ಹೆಂಗಸು ಅಂತ ಗೊತ್ತಾದ್ರೆ ನಾಳೆ ಸುಬೇದಾರ ಯಾರು ಅಂತ ಕೇಳ್ತಾರೆ. ಗಿರಾಕಿ ಹೋದ್ರೆ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದ ಹಾಗೆ. ನಿಮ್ಮಮ್ಮನಿಗೆ ನಾವು ಹೇಗೋ ಸಮಾಧಾನ ಹೇಳ್ತೀವಿ, ನೀನು ಸುಮ್ಮನಿರು" ಅಂದರು. ಅವರ ಮಾತೂ ಸುಳ್ಳಲ್ಲ, ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾರೆ. ಮಾವ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ನಿನ್ನ ಕಾಗದವನ್ನು ಮಡಿಚಿ ಕೈಗೆ ಕೊಟ್ಟರು. ಬಾಯಿ ಬಿಟ್ಟರೆ ಅವರಿಬ್ಬರ ಅನ್ನ, ಬಿಡದಿದ್ದರೆ ನಿನ್ನ ಇಪ್ಪತ್ತಾರು ವರ್ಷ. ನಾಳೆ ಏನು ಮಾಡುತ್ತೇನೋ ಈಗ ಕೂತು ಬರೆಯುತ್ತಿರುವ ನನಗೂ ತಿಳಿಯದು. ನೀನು ಇಲ್ಲಿದ್ದಿದ್ದರೆ ಕೇಳುತ್ತಿದ್ದೆ. ಇದ್ದಿದ್ದರೆ ಇದಾವುದೂ ಆಗುತ್ತಲೇ ಇರಲಿಲ್ಲ, ಅದು ಬೇರೆ ಮಾತು.

ಒಂದು ಮಾತ್ರ ಖಂಡಿತ. ನಿನ್ನ ಡ್ರಾಯರಿಗೆ ನಾನು ಕೈ ಹಾಕುವುದಿಲ್ಲ. ಸಾಮಾನು ಯಾರಿಗೂ ಕೊಡುವುದಿಲ್ಲ. ಅಜ್ಜಿ ನಡೆಯುವಂತಾಗುವವರೆಗೆ ಅಲ್ಲಿರು, ಆಮೇಲೆ ಅಜ್ಜಿಯನ್ನೂ ಕರೆದುಕೊಂಡು ಬಾ, ಮುಂದಿನ ಕೋಣೆ ಅವರಿಗೆ ಬಿಟ್ಟುಕೊಡುತ್ತೇನೆ. ಅಪ್ಪ ಇದಾವುದನ್ನೂ ಓದಿಲ್ಲ. ಏನು ಅಷ್ಟುದ್ದ ಬರೀತಿದ್ದೀಯ ಎಂದು ಎರಡು ಸಲ ಇಣುಕಿ ಹೋದರು. ನಿನ್ನನ್ನು ಕೇಳಿದ್ದಾರೆ ಎಂದು ಬರೆಯಲು ಹೇಳಿದ್ದಾರೆ, ಅದನ್ನು ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ, ಹುಷಾರಾಗಿ ಮುಟ್ಟಿ ಹೇಳು. ನಿನಗೂ ನಮಸ್ಕಾರ, ತೆಗೆದುಕೊಳ್ಳುವ ಮನಸ್ಸಿದ್ದರೆ.

ನಿನ್ನ
ಮಗಳು

ಸೋಮವಾರ, ಹನ್ನೆರಡೂವರೆ. ಅಂಗಡಿಯಲ್ಲೇ ಕೂತು, ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ:

ಹೇಳಿಬಿಟ್ಟೆ ಅಮ್ಮಾ. ಸಾಹುಕಾರರು ಹತ್ತಕ್ಕೇ ಬಂದರು. ಟೀ ಕೊಡುವ ನೆಪದಲ್ಲಿ ನಾನು ಒಳಗೇ ಉಳಿದೆ. ಲೇತ್‌ನವರು ನಿನ್ನ ಸ್ಟೂಲಿನ ಮೇಲೆ ಕೂತು, ಮೀಸೆ ಸವರಿಕೊಂಡು, "ಕಣ್ಣು ಮೊದಲಿನ ಹಾಗಿಲ್ಲ ಸಾಹುಕಾರ್ರೇ" ಎಂದರು ನೋಡು, ನನಗೆ ತಡೆಯಲಾಗಲಿಲ್ಲ. "ಇವರು ದೊರೆ ಅಲ್ಲ ಸಾರ್. ದೊರೆ ನಮ್ಮಮ್ಮ. ಅಮ್ಮನ ಕಣ್ಣು ಚೆನ್ನಾಗೇ ಇದೆ. ಇದನ್ನ ಕೆಡಿಸಿದ್ದು ನಾನು" ಅಂದೆ. ಟೀ ಅರ್ಧ ನನ್ನ ಕೈ ಮೇಲೇ ಚೆಲ್ಲಿತು. ಅಷ್ಟರಲ್ಲಿ ಅಂಗಳದ ಬಾಗಿಲಿನಿಂದ ಮಾವ ಒಳಗೆ ಬಂದು, "ನಾನು ಮಾವ" ಎಂದು ಕೈಮುಗಿದರು. ಅವರ ಹಿಂದಿನಿಂದ ಸುಬೇದಾರ, ಮೊನ್ನೆ ಬೇಡ ಎಂದಿದ್ದ ಅದೇ ಸುಬೇದಾರ, "ಸುಬೇದಾರ ನಾನೇ" ಅಂದರು, ಬೀದಿಗೆ ಕೇಳಿಸುವಷ್ಟು ಜೋರಾಗಿ. ಸಾಹುಕಾರರು ಒಬ್ಬೊಬ್ಬರನ್ನೇ ನೋಡಿದರು. "ಇದರ ಜೋಡಿ, ಮೊದಲು ಕಳಿಸಿದ್ದೆನಲ್ಲ, ಅದು ಯಾರ ಕೈದು?" ಎಂದು ಕೇಳಿದರು. ಅಮ್ಮಂದು ಅಂದೆ. "ಅದು ಓಡ್ತಾ ಇದೆ" ಅಂದರು. ಆಮೇಲೆ ನನಗೆ ಬೈದರು ನೋಡು, ಎರಡು ಕೋಣೆಯ ಐಸಿಗೂ ಲೆಕ್ಕ ಹಾಕಿ ಬೈದರು. ಸಣ್ಣ ಯಜಮಾನರಿಗೂ ಪಾಲು ಸಿಕ್ಕಿತು. ಸುಟ್ಟ ಮೋಟರನ್ನು ನಾವು ಯಾರೂ ಮುಟ್ಟಬಾರದಂತೆ, ನೀನೇ ಬಂದು ಸುತ್ತಬೇಕಂತೆ, ಅಲ್ಲಿಯವರೆಗೆ ಒಂದರಲ್ಲೇ ನಡೆಸುತ್ತಾರಂತೆ. ಬೇರೆ ಗಿರಾಕಿಗಳು ಏನನ್ನುತ್ತಾರೋ ಗೊತ್ತಿಲ್ಲ. ನಾನು ಆರು ತಿಂಗಳು ತಂತಿ ಮುಟ್ಟುವ ಹಾಗಿಲ್ಲ, ಮಾವನ ಅಪ್ಪಣೆ. ಪೇಪರ್ ಕತ್ತರಿಸುವ ಕೆಲಸ ನನ್ನದು. ಅಂಚೆಯವನು ಬರುವ ಹೊತ್ತಾಯಿತು, ಇದೊಂದು ಬರೆದು ಮುಗಿಸುತ್ತೇನೆ. ಸಾಹುಕಾರರು ಹೊರಟವರು ಬಾಗಿಲಲ್ಲಿ ನಿಂತು ತಿರುಗಿ ನೋಡಿದರು. ಲೇತ್‌ನವರು ಏನು ಮಾಡಬೇಕೆಂದು ತೋಚದೆ ಇನ್ನೂ ಹಾಗೇ ಕೂತಿದ್ದರು. "ನೀವು ಏಳ್ರೀ ಮೊದಲು, ಅದು ದೊರೆಯವರ ಜಾಗ" ಅಂದರು.